ಡಬ್ಬದ ಮೇಲೆ ಬರೆಯದ ಗುಣ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಆ ಹೆಸರಿಗೆ ನಾನೊಂದು ಮಾತು ಅಂಟಿಸಿದೆ. ಅವರು ತೀರಿಕೊಂಡು ಎರಡು ತಿಂಗಳಾದರೂ ಅದು ಬಿಟ್ಟಿಲ್ಲ. ಮತ್ತೆ ಆ ಹೆಸರನ್ನು ನಾಲ್ಕು ಜನರ ಮುಂದೆ ಎತ್ತುವ ಯೋಗ್ಯತೆ ನನಗಿಲ್ಲ. ಎದುರಿಗಿದ್ದಾಗ ‘ಯಜಮಾನ್ರೇ’ ಎನ್ನುತ್ತಿದ್ದೆ. ಇಲ್ಲೂ ಯಜಮಾನರೆಂದೇ ಇರಲಿ.

ನನ್ನದು ತಿಪಟೂರಿನಲ್ಲಿ ಒಂದು ಮೊಬೈಲ್ ಅಂಗಡಿ. ಬಸ್ ಸ್ಟ್ಯಾಂಡಿನಿಂದ ಕೊಬ್ಬರಿ ಮಾರುಕಟ್ಟೆ ಕಡೆ ಹೋಗುವ ದಾರಿಯಲ್ಲಿ ಒಂದು ಪಕ್ಕ ಗೊಬ್ಬರದಂಗಡಿ, ಇನ್ನೊಂದು ಪಕ್ಕ ಟೀ ಅಂಗಡಿ, ನಡುವೆ ನಾನು. ಹೊಸ ಫೋನು ಮಾರುವುದು, ಹಳೇದು ರಿಪೇರಿ ಮಾಡುವುದು, ರೀಚಾರ್ಜು, ಗಾಜು ಅಂಟಿಸುವುದು ಎಲ್ಲವೂ ಉಂಟು. ಆದರೆ ಅಂಗಡಿ ನಡೆಯುವುದು ಮಾಲಿನಿಂದಲ್ಲ, ನನ್ನ ಬಾಯಿಂದ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಅದು ಹೊಗಳಿಕೆ ಎಂದು ಬಹಳ ವರ್ಷ ನಂಬಿದ್ದೆ. ಬಂದವರನ್ನು ಒಂದು ಸಲವಾದರೂ ನಗಿಸದೆ ಕಳಿಸಿದರೆ ಅವತ್ತು ನನಗೆ ಊಟ ರುಚಿಸುತ್ತಿರಲಿಲ್ಲ.

ಯಜಮಾನರ ಕಸುಬನ್ನು ಹೇಳಬೇಕಾದರೆ ಕೊಬ್ಬರಿಯ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಸೀಮೆಯಲ್ಲಿ ಉಂಡೆ ಕೊಬ್ಬರಿಗೆ ಬಿಡುವ ಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಒಣಗಿ ಚಿಪ್ಪನ್ನು ಬಿಡಬೇಕು. ಅವಸರಪಟ್ಟು ಒಡೆದರೆ ಒಳಗೆ ಹಸಿ ಉಳಿದಿರುತ್ತದೆ, ಕೊಬ್ಬರಿ ಕೌಟಾಗುತ್ತದೆ, ವರ್ಷದ ಬೆಳೆ ಹಾಳು. ಕಾಯಿ ಅಲ್ಲಾಡಿಸಿ ನೋಡುವುದು ಎಲ್ಲರಿಗೂ ಗೊತ್ತು. ಆದರೆ ಅಟ್ಟದ ತುಂಬ ರಾಶಿ ಇರುವಾಗ ಯಾವ ಮೂಲೆಯದನ್ನು ಇಳಿಸಬಹುದು, ಯಾವ ಮೂಲೆಯದು ಇನ್ನೂ ಇಪ್ಪತ್ತು ದಿನ ಕಾಯಬೇಕು ಎಂದು ಖಡಾಖಂಡಿತವಾಗಿ ಹೇಳುವವರು ಎಲ್ಲ ಊರಲ್ಲೂ ಇರುವುದಿಲ್ಲ. ಅರಳಗುಪ್ಪೆ ಕಡೆಯಿಂದ ಹಿಡಿದು ತುರುವೇಕೆರೆ ರಸ್ತೆಯ ಊರುಗಳವರೆಗೆ ಅದಕ್ಕೆ ಯಜಮಾನರನ್ನು ಕರೆಸುತ್ತಿದ್ದರು. ‘ಕಾಯಿ ಕೇಳೋರು’ ಎಂದೇ ಅವರನ್ನು ಗುರುತಿಸುತ್ತಿದ್ದದ್ದು.

ನಾನು ಅವರನ್ನು ಮೊದಲು ನೋಡಿದ್ದು ನನ್ನ ಅತ್ತೆ ಮನೆಯಲ್ಲಿ. ಏಣಿ ಹತ್ತಿ ಅಟ್ಟಕ್ಕೆ ಹೋದವರು ರಾಶಿಯ ಮೇಲಿನ ಕಾಯಿ ಮುಟ್ಟಲೇ ಇಲ್ಲ. ಕೈ ಒಳಗೆ ಹಾಕಿ ಮೂಲೆಯಿಂದ ಒಂದನ್ನು ತೆಗೆದರು. ಎರಡೂ ಅಂಗೈಯಲ್ಲಿ ಹಿಡಿದು ಎರಡೇ ಎರಡು ಸಲ ಕುಲುಕಿದರು. ಆಮೇಲೆ ಎಡಗಿವಿಗೆ ಹಿಡಿದು ಕಣ್ಣು ಮುಚ್ಚಿಕೊಂಡರು. ಕೆಳಗೆ ನಮ್ಮತ್ತೆ ಒಗ್ಗರಣೆ ಸೌಟನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದರು, ಸಾಸಿವೆ ಸಿಡಿದರೆ ಎಲ್ಲಿ ಅವರಿಗೆ ಕಾಯಿಯ ಸದ್ದು ಕೇಳುವುದಿಲ್ಲವೋ ಎಂದು. ಯಜಮಾನರು ಕಣ್ಣು ಬಿಟ್ಟು, “ಈ ಕಡೇದು ಚಿಪ್ಪು ಬಿಟ್ಟೈತೆ, ಇಳ್ಸಿ. ಆ ಕಡೇದು ಇನ್ನೂ ಬಿಟ್ಟಿಲ್ಲ. ಅಟ್ಟದ ಮೇಲೇ ಇರ್ಲಿ” ಅಂದರು. ಅವರ ತೀರ್ಪು ಯಾವಾಗಲೂ ಇಷ್ಟೇ ಎಂದು ಆಮೇಲೆ ತಿಳಿಯಿತು. ಬಿಟ್ಟೈತೆ, ಇಲ್ಲವೇ ಬಿಟ್ಟಿಲ್ಲ.

ನನ್ನ ಭಾವಮೈದನಿಗೆ ಅನುಮಾನ. ಅವರು ಬೇಡವೆಂದ ಕಡೆಯಿಂದ ಹತ್ತು ಕಾಯಿ ಇಳಿಸಿ ಒಡೆದ. ಹತ್ತರಲ್ಲಿ ಏಳು ಹಸಿ. ಮುಂದಿನ ಸಲ ಯಜಮಾನರು ಬಂದಾಗ ತಲೆ ಕೆರೆದುಕೊಂಡು ಒಪ್ಪಿಕೊಂಡ. ಬೇರೆಯವರಾಗಿದ್ದರೆ ಊರೆಲ್ಲ ಸಾರುತ್ತಿದ್ದರು. ಇವರು, “ಹತ್ತೇ ಅಲ್ವಾ, ಚಟ್ನಿಗಾಯ್ತು ಬುಡು” ಅಂದು ಕಾಫಿ ಕುಡಿದರು. ಒಬ್ಬರ ತಪ್ಪನ್ನು ಇನ್ನೊಬ್ಬರ ಮುಂದೆ ಆಡಿದ್ದನ್ನು ನಾನು ಅವರ ಬಾಯಲ್ಲಿ ಕೇಳಲೇ ಇಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಬಿಳಿ ಅಂಗಿ, ಪಂಚೆ, ಹಣೆಯಲ್ಲಿ ವಿಭೂತಿ, ಎಡಹೆಗಲ ಮೇಲೆ ಟವಲ್ಲು. ನನ್ನ ಅಂಗಡಿಗೆ ಬಂದರೂ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. “ಯಜಮಾನ್ರೇ, ಇದೇನು ದೇವಸ್ಥಾನವಾ?” ಎಂದರೆ, “ನೀನು ಅನ್ನ ತಿನ್ನೋ ಜಾಗ ಅಲ್ವೇನಪ್ಪಾ” ಎನ್ನುತ್ತಿದ್ದರು. ಟೀ ಅಂಗಡಿಯಲ್ಲಿ ಅವರಿಗೆ ಗೋಡೆ ಪಕ್ಕದ ಜಾಗವೇ ಆಗಬೇಕು, ಅದೂ ಎಡಭುಜ ಗೋಡೆಗೆ ತಾಗುವ ಹಾಗೆ. ಯಾರಾದರೂ ಅಲ್ಲಿ ಕೂತಿದ್ದರೆ ಅವರು ಏಳುವ ತನಕ ನಿಂತೇ ಟೀ ಕುಡಿಯುತ್ತಿದ್ದರು. ವಯಸ್ಸಾದವರ ಖಯಾಲಿ ಎಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ ಅವರ ಕೀಪ್ಯಾಡ್ ಫೋನು ಸತ್ತುಹೋಯಿತು. ಅದೇ ಹೊತ್ತಿಗೆ ಊರಿನವರೆಲ್ಲ ವಾಟ್ಸಾಪಿಗೆ ಬಿದ್ದಿದ್ದರು. ಕಾಯಿ ಅಲ್ಲಾಡಿಸುವ ವಿಡಿಯೋ ಮಾಡಿ ಯಜಮಾನರ ಮಗ್ಗುಲ ಮನೆಯವರ ಫೋನಿಗೆ ಕಳಿಸಿ, ‘ಕಾಯಿ ಕೇಳೋರಿಗೆ ತೋರಿಸಿ, ಇಳಿಸಬಹುದಾ ಕೇಳಿ’ ಎನ್ನುವಷ್ಟು ಮುಂದುವರಿದಿದ್ದರು. ಅದನ್ನು ನನಗೆ ಹೇಳಿ ಅವರೇ ನಕ್ಕರು. “ಫೋನೊಳಗೆ ಅಲ್ಲಾಡ್ಸಿದ್ರೆ ನಂಗೇನ್ ಗೊತ್ತಾಯ್ತದೆ ಕಣಪ್ಪ? ನಾನೇ ಹೋಗ್ಬೇಕು. ಆದ್ರೆ ಕರೆಯೋಕೆ ಒಂದು ಫೋನ್ ಬೇಕಲ್ಲ. ಎಂಟು ಸಾವಿರದೊಳಗೆ ಒಂದು ನೋಡು.”

ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಹೊತ್ತಿಗೇ ಬಂದಿದ್ದರು. ಇನ್ನೂ ಯಾರೂ ಇರಲಿಲ್ಲ. ನಾನು ಮೂರು ಫೋನು ತೆಗೆದು ಕೌಂಟರಿನ ಗಾಜಿನ ಮೇಲೆ ಸಾಲಾಗಿ ಇಟ್ಟು ಗಿಳಿಪಾಠ ಶುರು ಮಾಡಿದೆ. ಇದರ ಕ್ಯಾಮೆರಾ ಹೀಗೆ, ಅದರ ಬ್ಯಾಟರಿ ಹಾಗೆ. ಅವರು ಕೈಯೆತ್ತಿ ತಡೆದರು.

“ಒಳ್ಳೇದನ್ನ ಡಬ್ಬದ ಮ್ಯಾಲೆ ಅವ್ರೇ ಬರ್ದವ್ರೆ. ನೀನು ಕೊರತೆ ಹೇಳು.”

ಹದಿನೈದು ವರ್ಷದ ವ್ಯಾಪಾರದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಫೋನು ಕೊಳ್ಳಲು ಬರುವವರಿಗೆ ಕೊರತೆಯ ವಿಚಾರ ಬೇಕಾಗಿಯೇ ಇರುವುದಿಲ್ಲ. ಎಂಟು ಸಾವಿರ ಕೊಟ್ಟು ಎಂಬತ್ತು ಸಾವಿರದ್ದು ಸಿಕ್ಕಿತೆಂದು ನಂಬಿ ಹೋಗಬೇಕು, ನಂಬಿಸಿ ಕಳಿಸುವುದು ನನ್ನ ಕೆಲಸ. ಅವತ್ತು ಮಾತ್ರ ತಡವರಿಸಿಕೊಂಡು ನಿಜ ಹೇಳಿದೆ. ಮೊದಲನೆಯದು ತೆಳ್ಳಗಿದೆ, ಫೋಟೋ ಚೆನ್ನಾಗಿ ಬರುತ್ತದೆ, ಸಂಜೆಯೊಳಗೆ ಚಾರ್ಜು ಮುಗಿಯುತ್ತದೆ. ಎರಡನೆಯದು ಎರಡು ದಿನ ಬರುತ್ತದೆ, ಆದರೆ ಇಟ್ಟಿಗೆಯಷ್ಟು ಭಾರ, ಚಾರ್ಜ್ ಆಗಲು ಅರ್ಧ ದಿನ ಬೇಕು. ಮೂರನೆಯದು ಹಳೇ ಮಾಡೆಲ್ಲು, ನಿಧಾನ, ಫೋಟೋ ತೆಗೆದರೆ ಮುಖಕ್ಕೆ ಹಿಟ್ಟು ಬಳಿದ ಹಾಗೆ ಕಾಣುತ್ತದೆ.

“ಎಲ್ಲಾನೂ ಇರೋದು ಈ ದುಡ್ಡಿಗೆ ಸಿಗಲ್ವಾ?”

“ಸಿಗಲ್ಲ ಯಜಮಾನ್ರೇ.”

“ಗೊತ್ತು. ಹೇಳ್ತೀಯೋ ಇಲ್ವೋ ನೋಡ್ದೆ,” ಅಂದರು. “ದಪ್ಪ ಕಾಯಿಗೆ ತೆಳೂ ಕೊಬ್ಬರಿ. ಏನು ಬುಡ್ಬೇಕು ಅಂತ ನಿಶ್ಚಯ ಮಾಡ್ಕಂಡ್ರೆ ಏನು ತಗಬೇಕು ಅನ್ನೋದು ತಾನಾಗೇ ತಿಳೀತದೆ.” ಯಾವುದನ್ನೂ ಕೊಳ್ಳದೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ನಾಲ್ಕು ದಿನ ಬಿಟ್ಟು ಮತ್ತೆ ಬಂದರು, ಅದೇ ಬೆಳಗಿನ ಹೊತ್ತಿಗೆ. ಈ ಸಲ ಒಂದು ವಿಚಿತ್ರ ಕೆಲಸ ಹೇಳಿದರು. ಮೂರೂ ಫೋನಿಗೆ ಒಂದೊಂದಾಗಿ ಸಿಮ್ ಹಾಕಿ, ಶಬ್ದ ಬರದ ಹಾಗೆ ಮಾಡಿ, ನನ್ನ ಫೋನಿನಿಂದ ಕರೆ ಮಾಡಬೇಕು. ಅವರು ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿಕೊಂಡರು, ಅಟ್ಟದ ಮೇಲೆ ನಿಂತ ಹಾಗೆಯೇ. ಮೊದಲನೆಯದು ನಡುಗಿತು. “ಜೀರುಂಡೆ,” ಅಂದರು. ಎರಡನೆಯದು. “ಇದ್ರದ್ದು ಒಂದೇ ಕಡೆ ನಡುಗ್ತದೆ.” ಮೂರನೆಯದು ನಡುಗಿದಾಗ ಅಂಗೈಯನ್ನು ನಿಧಾನವಾಗಿ ಮುಚ್ಚಿಕೊಂಡರು. ಅಂಗಿಯ ಜೇಬಿಗೆ ಹಾಕಿಕೊಂಡು ಮತ್ತೆ ಕರೆ ಮಾಡಿಸಿದರು. ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೊಮ್ಮೆ. “ಇದು ಮೂಳೆಗೆ ಮುಟ್ತದೆ.”

“ಯಜಮಾನ್ರೇ, ಅದು ಹಳೇ ಡಬ್ಬ. ಎರಡು ವರ್ಷಕ್ಕೆ ಪೂರ್ತಿ ನಿಧಾನ ಆಗ್ತದೆ,” ಎಂದೆ. ಆ ದಿನ ನಾನು ನಿಜವಾಗಿ ಅವರ ಒಳ್ಳೆಯದಕ್ಕೇ ಹೇಳಿದ್ದು.

“ನಾನೂ ಆಗ್ತೀನಲ್ಲ. ಇಬ್ರೂ ಜೊತೇಲಿ ಹೋಗ್ತೀವಿ ಬುಡು.”

ಅದು ತೋರಿಸುವುದಕ್ಕೆ ಇಟ್ಟ ಪೀಸು, ಆ ಮಾಡೆಲ್ಲಿನ ಹೊಸ ಪೀಸು ನನ್ನಲ್ಲಿರಲಿಲ್ಲ. ತರಿಸಬೇಕು. ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಾಗುವ ದಿನ ಬನ್ನಿ ಎಂದೆ. ಅವರು, “ಅವತ್ತು ಜನ ಇರ್ತಾರಲ್ವಾ,” ಅಂದರು. “ಇದ್ರೆ ಇರ್ಲಿ ಬನ್ನಿ, ನೀವೇನು ಹುಡುಗಿ ನೋಡೋಕೆ ಬರ್ತಿದೀರಾ,” ಎಂದೆ. ನಕ್ಕರು. ಹೋಗುವಾಗ ಬಾಗಿಲಲ್ಲಿ ನಿಂತು, “ಈ ನಡುಗೋದ್ರ ವಿಚಾರ ಎಲ್ಲೂ ಆಡ್ಬ್ಯಾಡ ಕಣಪ್ಪ” ಅಂದರು. ಆಯಿತೆಂದೆ. ಯಾಕೆ ಎಂದು ಕೇಳಬೇಕೆಂದು ಕೂಡ ನನಗೆ ಹೊಳೆಯಲಿಲ್ಲ. ನಾನು ಆಗಲೇ ಮುಂದಿನ ಗಿರಾಕಿಯ ಜೊತೆ ಮಾತಿಗಿಳಿದಿದ್ದೆ.

ಹರಾಜಿನ ದಿನ ನಮ್ಮ ರಸ್ತೆ ನೋಡಬೇಕು. ಕೊಬ್ಬರಿ ಮಾರಿದವರು, ಮಾರಲು ಬಂದವರು, ಮಂಡಿಯ ಗುಮಾಸ್ತರು, ಚೀಲ ಹೊಲಿಯುವವರು ಎಲ್ಲರೂ ಒಂದು ಟೀ ಕುಡಿದು ನನ್ನ ಅಂಗಡಿಗೆ ಇಣುಕುತ್ತಾರೆ. ಅವತ್ತು ಹತ್ತು ಹನ್ನೆರಡು ಜನ ಒಳಗಿದ್ದರು. ಯಜಮಾನರು ಬಂದು ಗೋಡೆ ಪಕ್ಕ ನಿಂತರು. ನಾನು ಹೊಸ ಪೀಸಿನ ಡಬ್ಬ ಬಿಚ್ಚಿ, ಅವರ ಸಿಮ್ ಹಾಕಿ, ಫೋನನ್ನು ಅವರ ಎಡಗಡೆ ಗಾಜಿನ ಮೇಲಿಟ್ಟೆ. ಅವರು ಖಾಲಿ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೇಲಿನ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ತಂದುಕೊಂಡು ಓದುತ್ತಿದ್ದರು. ಫೋನು ಸರಿಯಿದೆಯೇ ನೋಡಲೆಂದು ನಾನು ಕರೆ ಮಾಡಿದೆ. ಹೊಸ ಫೋನು, ಶಬ್ದ ಪೂರ್ತಿ ಮೇಲಿತ್ತು. ಟೀ ಅಂಗಡಿಯವನು ತಿರುಗಿ ನೋಡುವ ಹಾಗೆ ಬಡಿದುಕೊಂಡಿತು. ಅಂಗಡಿಯಲ್ಲಿದ್ದವರೆಲ್ಲ ನೋಡಿದರು. ಫೋನಿಗೆ ಒಂದು ಗೇಣು ದೂರದಲ್ಲಿದ್ದ ಯಜಮಾನರು ಡಬ್ಬ ಓದುತ್ತಲೇ ಇದ್ದರು.

ನಗಿಸುವ ಅವಕಾಶ ಕಂಡರೆ ನನ್ನ ನಾಲಿಗೆ ನನ್ನನ್ನು ಕೇಳುವುದಿಲ್ಲ.

“ಏನ್ ಯಜಮಾನ್ರೇ, ರೈಲ್ವೆ ಸ್ಟೇಷನ್‌ಗೇ ಕೇಳ್ತು, ನಿಮ್ಗೆ ಕೇಳ್ಲಿಲ್ವಾ?” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಜನ ನಗತೊಡಗಿದ್ದರಿಂದ ನಿಲ್ಲಿಸಲಿಲ್ಲ. “ಇನ್ಮೇಲೆ ಕಾಯಿ ಕೇಳೋಕೆ ಇವ್ರನ್ನ ಕರೆದ್ರೆ ಜೊತೇಲಿ ಒಂದು ಮೈಕ್‌ಸೆಟ್ಟೂ ಕರೆಸ್ಬೇಕು ಕಣ್ರಪ್ಪೋ!”

ಅಂಗಡಿಗೆ ಅಂಗಡಿಯೇ ನಕ್ಕಿತು. ಮಂಡಿಯ ಗುಮಾಸ್ತನೊಬ್ಬ ತೊಡೆ ತಟ್ಟಿಕೊಂಡ. ಯಜಮಾನರು ತಲೆಯೆತ್ತಿದರು. ಮೊದಲು ನಗುವವರ ಮುಖಗಳನ್ನು ಒಂದೊಂದಾಗಿ ನೋಡಿದರು, ಆಮೇಲೆ ಗಾಜಿನ ಮೇಲೆ ಮಿನುಗುತ್ತಿದ್ದ ಫೋನನ್ನು, ಕೊನೆಗೆ ನನ್ನನ್ನು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಷ್ಟು ದಿನಕ್ಕೆ ಮರೆತಿರುತ್ತಿದ್ದೆ. ಗುಟ್ಟು ನಂಬಿ ಕೊಟ್ಟವರು, ಕೊಟ್ಟ ಜಾಗ ಸರಿಯಿರಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಳ್ಳುವ ಹಾಗಿತ್ತು. ಆ ಕ್ಷಣಕ್ಕೆ ನನಗೆ ಎಲ್ಲ ಅರ್ಥವಾಯಿತು. ನಡುಗುವ ಫೋನು ಯಾಕೆ, ಬೆಳಗಿನ ಹೊತ್ತು ಯಾಕೆ, ಗೋಡೆ ಪಕ್ಕದ ಜಾಗ ಯಾಕೆ. ಬಾಯಿ ಮಾತ್ರ ಇನ್ನೂ ನಗುತ್ತಲೇ ಇತ್ತು.

“ಇದನ್ನೇ ಕೊಡು,” ಅಂದರು. ದುಡ್ಡು ಕೊಟ್ಟು, ಫೋನನ್ನು ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದು ಒಂದು ಸಲವಾಗಿದ್ದರೆ ಆ ಗಾದೆಯ ಹಿಂದೆ ಅಡಗಿಕೊಳ್ಳಬಹುದಿತ್ತು. ಆದರೆ ಅದೇ ವಾರ ಇನ್ನೂ ಮೂರು ನಾಲ್ಕು ಕಡೆ ಆ ಮೈಕ್‌ಸೆಟ್ಟಿನ ಮಾತನ್ನು ಹೇಳಿದೆ. ಎಲ್ಲ ಅರ್ಥವಾದ ಮೇಲೂ ಹೇಳಿದೆ. ಯಾಕೆಂದರೆ ಹೇಳಿದಾಗಲೆಲ್ಲ ಜನ ನಗುತ್ತಿದ್ದರು. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ.

ಮಾತು ಮಂಡಿಗೆ ಹೋಯಿತು, ಮಂಡಿಯಿಂದ ಊರುಗಳಿಗೆ ಹೋಯಿತು. ‘ಕಾಯಿ ಕೇಳೋರಿಗೆ ಕಿವಿಯೇ ಕೇಳಲ್ವಂತೆ.’ ಅನುಮಾನಕ್ಕಿಂತ ದೊಡ್ಡ ರೋಗವಿಲ್ಲ. ತುರುವೇಕೆರೆ ರಸ್ತೆಯ ಒಬ್ಬ ದೊಡ್ಡ ತೋಟದವರು ಅವರನ್ನು ಕರೆಸಿ, ಇಳಿಸಬಹುದು ಎಂದ ರಾಶಿಯಿಂದ ಇಪ್ಪತ್ತು ಕಾಯಿಯನ್ನು ಅವರ ಎದುರಿಗೇ ಒಡೆಸಿದರಂತೆ. ಇಪ್ಪತ್ತೂ ಕಲ್ಲಿನಂಥ ಕೊಬ್ಬರಿ. ಆದರೂ ಮುಂದಿನ ವರ್ಷ ಕರೆಯಲಿಲ್ಲ. “ಈ ಸಲ ಸರಿಯಾಯ್ತು, ಬರೋ ಸಲಾನೂ ಆಗಬೇಕಲ್ಲ,” ಎಂದು ಆ ತೋಟದವರೇ ನನ್ನ ಅಂಗಡಿಯಲ್ಲಿ ನಿಂತು ಹೇಳಿದರು. ಅದು ನನ್ನ ಮಾತು, ತಮಾಷೆಗೆ ಆಡಿದ್ದು, ಅವರನ್ನೇ ಕರೆಸಿ ಎಂದು ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ನಾನು ಆ ತೋಟದವರ ಫೋನಿಗೆ ಗಾಜು ಅಂಟಿಸಿ ಕೊಟ್ಟೆ.

ಎರಡನೆಯ ವರ್ಷಕ್ಕೆ ಒಂದು ಮನೆಯವರೂ ಕರೆಯದಂತಾಯಿತು. ಹುಳಿಯಾರು ರಸ್ತೆಯಲ್ಲಿ ಒಮ್ಮೆ ಬೈಕಿನಲ್ಲಿ ಹೋಗುವಾಗ ಅವರನ್ನು ನೋಡಿದೆ. ಒಡೆದ ತೆಂಗಿನ ಚಿಪ್ಪನ್ನು ಇದ್ದಿಲು ಸುಡುವ ಕಡೆಗೆ ಸಾಗಿಸುವ ಟ್ರ್ಯಾಕ್ಟರು. ಯಜಮಾನರು ಕೆಳಗೆ ನಿಂತು ಮಕ್ಕರಿಯಲ್ಲಿ ಚಿಪ್ಪು ತುಂಬಿ ಮೇಲಕ್ಕೆ ಕೊಡುತ್ತಿದ್ದರು. ಬಿಳಿ ಅಂಗಿ ಇರಲಿಲ್ಲ, ಬನಿಯನ್ನಿನಲ್ಲಿದ್ದರು. ಟವಲ್ಲು ತಲೆಗೆ ಸುತ್ತಿತ್ತು. ನನ್ನನ್ನು ಕಂಡು ಕೈಯೆತ್ತಿದರು, ಯಾವಾಗಲೂ ಎತ್ತುವ ಹಾಗೆಯೇ. ನಾನು ಹಾರ್ನ್ ಬಾರಿಸಿ ಮುಂದೆ ಹೋದೆ. ಕಿವಿ ಕೇಳದವರಿಗೆ ಹಾರ್ನ್ ಬಾರಿಸಿದ ಮೂರ್ಖ ನಾನು.

ಅವತ್ತು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವರಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಗೊತ್ತಿತ್ತು. ತಪ್ಪಾಯ್ತು ಯಜಮಾನ್ರೇ, ಅಷ್ಟೇ. ಎರಡು ಸಲ ರಿಂಗಾಯಿತು. ಮೂರನೆಯದಕ್ಕೆ ಮುಂಚೆ ಕತ್ತರಿಸಿಬಿಟ್ಟೆ. ಅವರು ತಿರುಗಿ ಮಾಡಿದರು. ನನ್ನ ಫೋನು ಗಾಜಿನ ಮೇಲೆ ಬಡಿದುಕೊಳ್ಳುವುದನ್ನು ನೋಡುತ್ತಾ ಕೂತೆ. ಮತ್ತೆ ಮಾಡಿದರು. ಮೂರನೆಯ ಸಲವೂ ಮಾಡಿದರು. ನಾನು ಎತ್ತಲಿಲ್ಲ. ಆಮೇಲೆ ಅವರೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಇವತ್ತು ನಾಳೆ ಎನ್ನುತ್ತಾ ಎಂಟು ತಿಂಗಳು ಕಳೆದೆ. ಅಷ್ಟರಲ್ಲಿ ಅವರು ಹೋಗಿಬಿಟ್ಟರು. ಎರಡು ದಿನದ ಜ್ವರವಂತೆ. ಟೀ ಅಂಗಡಿಯಲ್ಲಿ ಯಾರೋ ಹೇಳಿದರು. ನಾನು ಮಣ್ಣಿಗೂ ಹೋಗಲಿಲ್ಲ.

ಅವರ ಹೆಂಡತಿ ಬಂದದ್ದು ಕಾರ್ಯವೆಲ್ಲ ಮುಗಿದು ಹದಿನೈದು ದಿನಕ್ಕೆ, ಬೆಳಿಗ್ಗೆ, ಶಟರ್ ಎತ್ತುವ ಹೊತ್ತಿಗೆ. ನಾನು ಅವರನ್ನು ಮೊದಲು ನೋಡಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟದ್ದರಿಂದಲೇ ಯಾರೆಂದು ಗೊತ್ತಾಗಿಹೋಯಿತು. ಸೆರಗಿನ ಗಂಟು ಬಿಚ್ಚಿ ಆ ಫೋನನ್ನು ಗಾಜಿನ ಮೇಲಿಟ್ಟರು. ಮೂಲೆಯಲ್ಲಿ ಬಿರುಕು ಬಿಟ್ಟಿತ್ತು.

“ಇದ್ರ ನಡುಗೋದನ್ನ ತೆಗ್ದುಬುಡಪ್ಪ. ನಂಗೆ ಕಿವಿ ಕೇಳ್ತದೆ. ಯಾರಾದ್ರೂ ಫೋನ್ ಮಾಡಿದ್ರೆ ಗೋಡೆ ಗೂಡಿನಿಂದ ನಡುಗ್ತಾ ನಡುಗ್ತಾ ಬಂದು ಕೆಳಗೆ ಬೀಳ್ತದೆ. ಎದೆ ಝಲ್ಲಂತದೆ.”

ತೆಗೆದುಕೊಂಡೆ. ಸೆಟ್ಟಿಂಗ್ ಹುಡುಕತೊಡಗಿದೆ. ಅವರು ನನ್ನನ್ನೇ ನೋಡುತ್ತಿದ್ದರು.

“ನೀನೊಂದು ಸಲ ಫೋನ್ ಮಾಡಿದ್ದೆಯಂತೆ. ಎರಡು ಸಲ ನಡುಗಿ ನಿಂತೋಯ್ತು ಅಂದ್ರು. ಏನಕ್ಕೆ ಮಾಡಿದ್ದೆ?”

ಕೈತಪ್ಪಿ ಹೋಗಿತ್ತಮ್ಮ ಎಂದುಬಿಡಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಅವರ ಫೋನು ನನ್ನ ಕೈಯಲ್ಲಿತ್ತು. ಎಲ್ಲವನ್ನೂ ಹೇಳಿದೆ. ಮೈಕ್‌ಸೆಟ್ಟು, ಆಮೇಲೆ ಮತ್ತೆ ಮತ್ತೆ ಹೇಳಿದ್ದು, ತೋಟದವರ ಎದುರು ಬಾಯಿ ಮುಚ್ಚಿಕೊಂಡಿದ್ದು, ಎತ್ತದೆ ಬಿಟ್ಟ ಮೂರು ಕರೆ. ಹೇಳುತ್ತಾ ನನಗೆ ಅಳು ಬಂತು. ಆಕೆ ಅಳಲಿಲ್ಲ.

“ಎಡಗಿವಿ ನನ್ ಮದ್ವೆ ಆದಾಗ್ಲೇ ಇರ್ಲಿಲ್ಲ ಕಣಪ್ಪ,” ಅಂದರು. “ಚಿಕ್ಕೋರಿದ್ದಾಗ ಕಿವಿ ಸೋರಿ ಹೋಗಿತ್ತಂತೆ. ಬಲಗಿವೀನೂ ಹತ್ತು ವರ್ಸದಿಂದ ಅಷ್ಟಕ್ಕಷ್ಟೆ.”

“ಎಡಗಿವಿಗೇ ಅಲ್ವಾ ಅವರು ಕಾಯಿ ಹಿಡೀತಿದ್ದದ್ದು?”

“ಹೂಂ. ಅವ್ರಿಗೆ ಕಾಯಿ ತಿಳೀತಿದ್ದದ್ದು ಅಂಗೈಲಿ. ಕುಲುಕಿದಾಗ್ಲೇ ಗೊತ್ತಾಗ್ತಿತ್ತು. ಮತ್ಯಾಕೆ ಕಿವಿಗೆ ಹಿಡೀತೀರಿ ಅಂತ ಕೇಳಿದ್ರೆ, ಜನಕ್ಕೆ ಕಿವಿ ಮ್ಯಾಲೆ ನಂಬ್ಕೆ ಕಣೇ, ಕೈ ಮ್ಯಾಲಿಲ್ಲ ಅನ್ನೋರು.”

ಅವರ ಕಸುಬಿಗೆ ಕಿವಿ ಬೇಕೇ ಇರಲಿಲ್ಲ. ಮೂವತ್ತು ವರ್ಷ ಕೈಯಿಂದ ಮಾಡಿಕೊಂಡು ಬಂದದ್ದನ್ನು, ಸಾಯುವ ತನಕ ಮಾಡಬಹುದಾಗಿದ್ದುದನ್ನು, ಒಂದು ನಗೆಗೋಸ್ಕರ ನಾನು ಕಿತ್ತುಕೊಂಡಿದ್ದೆ.

“ನಿನ್ ಮ್ಯಾಲೆ ಜಗಳಕ್ಕೆ ಹೋಗೋಣ ಅಂತ ನಾನೇ ಎದ್ದಿದ್ದೆ,” ಆಕೆ ಹೇಳಿದರು. “ಬ್ಯಾಡ ಅಂದ್ರು. ನೀನು ಫೋನ್ ಮಾಡಿ ಕಟ್ ಮಾಡಿದ ದಿನ ಅವ್ರೇ ಮೂರು ಸಲ ಮಾಡಿದ್ರು. ನೀನು ಎತ್ತಲಿಲ್ಲ. ‘ಅವ್ನ ಮಾತು ಇನ್ನೂ ಚಿಪ್ಪು ಬಿಟ್ಟಿಲ್ಲ ಕಣೇ, ಇರ್ಲಿ, ಒಣಗ್ಲಿ’ ಅಂದ್ರು. ಆಮ್ಯಾಕೆ ಒಂದೊಂದಿನ ಫೋನನ್ನ ಅಂಗೈ ಮ್ಯಾಲೆ ಇಟ್ಕಂಡು ಕೂತಿರೋರು.”

ನಡುಗುವುದನ್ನು ತೆಗೆದು ಫೋನನ್ನು ಅವರ ಕೈಗೆ ಕೊಟ್ಟೆ. ಸೆರಗಿಗೆ ಗಂಟು ಹಾಕಿಕೊಂಡು, ಚಪ್ಪಲಿ ಮೆಟ್ಟುತ್ತಾ ಒಂದೇ ಒಂದು ಮಾತು ಹೇಳಿದರು. “ನಗ್ಸಿದ್ದು ಅಂಗಡಿ ತುಂಬ ಜನ ಇದ್ದಾಗ. ಅತ್ತಿದ್ದು ನನ್ನೊಬ್ಳ ಮುಂದೆ. ಲೆಕ್ಕ ಸರಿ ಇಲ್ಲ ಕಣಪ್ಪ.”

ಹೌದು, ಸರಿಯಿರಲಿಲ್ಲ. ಮುಂದಿನ ಹರಾಜಿನ ದಿನಕ್ಕೆ ಕಾದೆ. ಮಧ್ಯಾಹ್ನದ ಹೊತ್ತಿಗೆ ಅಂಗಡಿ ತುಂಬಿತು. ಹತ್ತು ಜನರಾದರೂ ಇದ್ದರು, ಅವತ್ತು ಇದ್ದ ಮಂಡಿಯ ಗುಮಾಸ್ತನೂ ಇದ್ದ. ಜೀವಮಾನದಲ್ಲಿ ಮೊದಲ ಸಲ ನಗಿಸುವುದಕ್ಕಲ್ಲದೆ ಬಾಯಿ ತೆರೆಯಬೇಕಾಗಿತ್ತು.

“ಕಾಯಿ ಕೇಳೋ ಯಜಮಾನ್ರು ತೀರ್ಕೊಂಡ್ರಲ್ಲ,” ಎಂದು ಶುರು ಮಾಡಿದೆ. “ಅವ್ರ ವಿಚಾರ ಒಂದು ಮಾತು ಹೇಳಬೇಕು.”

“ಯಾರು?” ಗುಮಾಸ್ತ ಫೋನಿನಿಂದ ತಲೆಯೆತ್ತದೆ ಕೇಳಿದ.

ಅವನ ಪಕ್ಕದಲ್ಲಿದ್ದವನು ಚಿಕ್ಕನಾಯಕನಹಳ್ಳಿ ಕಡೆಯವನು, ಹೋದ ವರ್ಷದಿಂದ ಈಚೆಗೆ ಕೊಬ್ಬರಿ ಕೊಳ್ಳಲು ಬರತೊಡಗಿದವನು. ಯಜಮಾನರನ್ನು ಕಣ್ಣಿನಿಂದ ಕೂಡ ಕಂಡವನಲ್ಲ. ಅವನು ಥಟ್ಟನೆ, “ಅದೇ ಕಣಣ್ಣ, ಕಾಯಿ ಕೇಳೋಕೆ ಕರೆದ್ರೆ ಮೈಕ್‌ಸೆಟ್ಟೂ ಕರೆಸ್ಬೇಕು ಅಂತಾರಲ್ಲ, ಅವ್ರು!” ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ನಗು ನಿಲ್ಲುವ ತನಕ ಕಾದೆ. ಆಮೇಲೆ ಹೇಳಿದೆ, ಅವರಿಗೆ ಕಾಯಿ ತಿಳಿಯುತ್ತಿದ್ದದ್ದು ಕಿವಿಯಲ್ಲಲ್ಲ, ಕೈಯಲ್ಲಿ, ಒಂದು ದಿನವೂ ಅವರ ಲೆಕ್ಕ ತಪ್ಪಿರಲಿಲ್ಲ ಎಂದು. ಒಬ್ಬಿಬ್ಬರು ತಲೆಯಾಡಿಸಿದರು. ಉಳಿದವರು ಫೋನು ನೋಡಿಕೊಳ್ಳುತ್ತಿದ್ದರು. ಕೊನೆಗೆ, “ಆ ಮೈಕ್‌ಸೆಟ್ಟಿನ ಮಾತು ಹುಟ್ಟಿದ್ದು ಇಲ್ಲೇ, ಆಡಿದೋನು ನಾನು” ಎಂದೆ.

ಚಿಕ್ಕನಾಯಕನಹಳ್ಳಿಯವನು ನನ್ನ ಕಡೆ ತಿರುಗಿ ಕಣ್ಣರಳಿಸಿದ. ಗಾಜಿನ ಮೇಲಿಂದ ಕೈ ಚಾಚಿ ನನ್ನ ಭುಜ ತಟ್ಟಿದ.

“ನಿಂದಾ ಅಣ್ಣ ಅದು? ಸಕತ್ತಾಗೈತೆ ಕಣಣ್ಣ!”